ಮದೀನಾದಲ್ಲಿ ಓಡಿದ ಕುದುರೆ, ಮೊಬೈಲಿನಲ್ಲಿ ಓಡುವ ಕುದುರೆ

ವಡಗೇರಾದಲ್ಲಿ ಒಂದು ಶುಕ್ರವಾರ ಜುಮಾ ನಮಾಝಿನ ಬಳಿಕ ಮಸೀದಿಯ ಕಟ್ಟೆಯ ಮೇಲೆ ಕುಳಿತಿದ್ದಾಗ, ಬೆಂಗಳೂರಿನಲ್ಲಿ ಕಟ್ಟಡ ಕೆಲಸಕ್ಕೆ ಹೋಗಿ ಊರಿಗೆ ಮರಳಿದ್ದ ಯುವಕನೊಬ್ಬನು ಹತ್ತಿರ ಬಂದು ಕುಳಿತನು. ಮಾತು ನಮ್ಮ ದಖನಿಯಲ್ಲೇ ನಡೆಯಿತು. "ಚಾಚಾ, ಪ್ರವಾದಿಯವರೇ(ಸ) ಕುದುರೆಗಳ ಓಟ ಏರ್ಪಡಿಸಿದ್ದರಂತೆ, ನಿಜವೇ?" ಎಂದು ಕೇಳಿದನು. ನಿಜ ಎಂದೆ. ಹಾಗಾದರೆ ಡರ್ಬಿಯ ದಿನ ಮೊಬೈಲಿನಲ್ಲಿ ಒಂದು ಕುದುರೆಯ ಮೇಲೆ ಐನೂರು ರೂಪಾಯಿ ಹಾಕುವುದು ಹರಾಮ್ ಹೇಗಾದೀತು ಎಂಬುದು ಅವನ ಎರಡನೆಯ ಪ್ರಶ್ನೆ. ಸುಪ್ರೀಂ ಕೋರ್ಟೇ ಅದನ್ನು ಜೂಜಲ್ಲ, ಕೌಶಲದ ಆಟವೆಂದು ಹೇಳಿದೆಯಲ್ಲ ಎಂಬುದು ಮೂರನೆಯದು. ನಾಲ್ಕನೆಯದನ್ನು ಅವನು ಬಹಳ ಹೊತ್ತು ಸುಮ್ಮನಿದ್ದು ಹೇಳಿದನು: ಒಮ್ಮೆ ಹನ್ನೊಂದು ಸಾವಿರ ಗೆದ್ದಾಗ ಅದರಲ್ಲಿ ಎರಡು ಸಾವಿರವನ್ನು ಇದೇ ಮಸೀದಿಯ ಪೆಟ್ಟಿಗೆಗೆ ಹಾಕಿದ್ದನಂತೆ. ಅದು ಸ್ವೀಕಾರವಾಯಿತೇ?

ಗೆದ್ದ ಹನ್ನೊಂದು ಸಾವಿರವನ್ನು ಹೇಳಿದವನು ಕಳೆದುಕೊಂಡದ್ದೆಷ್ಟೆಂದು ಹೇಳಲಿಲ್ಲ. ಅದನ್ನು ನಾನು ಅವನ ತಂದೆಯ ಮುಖದಿಂದ ಮೊದಲೇ ಓದಿಕೊಂಡಿದ್ದೆ. ತಂಗಿಯ ನಿಕಾಹ್‌ಗೆಂದು ಕೂಡಿಟ್ಟ ಹಣ ಆ ಮನೆಯಲ್ಲಿ ಈಗ ಇಲ್ಲ.

ಅವನ ಪ್ರಶ್ನೆಗಳನ್ನು ಬೈಗುಳದಿಂದ ತಳ್ಳಿಹಾಕುವುದು ಸುಲಭ. ಆದರೆ ಅವು ಪ್ರಾಮಾಣಿಕ ಪ್ರಶ್ನೆಗಳು. ಅವುಗಳಿಗೆ ಉತ್ತರ ಇತಿಹಾಸದಲ್ಲಿದೆ. ಆದುದರಿಂದ ಅಂದು ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಮದೀನಾ. ಇಬ್ನು ಉಮರ್(ರ) ಅವರಿಂದ ವರದಿಯಾಗಿರುವ, ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇರುವ ಹದೀಸಿನ ಪ್ರಕಾರ ಪ್ರವಾದಿಯವರು(ಸ) ಕುದುರೆಗಳನ್ನು ಎರಡು ವರ್ಗಗಳಾಗಿ ಓಡಿಸಿದರು. ಪಳಗಿಸಿ ಸಿದ್ಧಪಡಿಸಿದ ಕುದುರೆಗಳಿಗೆ ಅಲ್‌ಹಫ್ಯಾ ಎಂಬಲ್ಲಿಂದ ಸನಿಯ್ಯತುಲ್ ವದಾಅ್‌ವರೆಗಿನ ದಾರಿ, ಅಂದರೆ ಐದಾರು ಮೈಲಿ. ಸಿದ್ಧಪಡಿಸದ ಕುದುರೆಗಳಿಗೆ ಅಲ್ಲಿಂದ ಬನೂ ಝುರೈಕ್ ಮಸೀದಿಯವರೆಗೆ ಸುಮಾರು ಒಂದು ಮೈಲಿ ಮಾತ್ರ. ಸಿದ್ಧಪಡಿಸುವುದೆಂದರೆ, ಕುದುರೆಗೆ ಮೊದಲು ಚೆನ್ನಾಗಿ ಮೇವು ತಿನ್ನಿಸಿ ಕೊಬ್ಬಿಸಿ, ಬಳಿಕ ಮೇವು ತಗ್ಗಿಸಿ, ಕಂಬಳಿ ಹೊದಿಸಿ ಬೆವರಿಳಿಸಿ, ಮೈ ಬಿಗಿಗೊಳಿಸುವುದು. ದುರ್ಬಲ ಪ್ರಾಣಿಯ ಮೇಲೆ ಬಲಶಾಲಿಯ ಭಾರ ಬೀಳದಂತೆ ದೂರವನ್ನೇ ಬೇರೆ ಮಾಡಿದ ಈ ಏರ್ಪಾಡಿನ ನ್ಯಾಯವನ್ನು ಗಮನಿಸಿರಿ. ಆಗಿನ್ನೂ ಯುವಕರಾಗಿದ್ದ ಇಬ್ನು ಉಮರ್(ರ) ಸ್ವತಃ ಆ ಓಟದಲ್ಲಿದ್ದರು. ತಮ್ಮ ಕುದುರೆ ತಮ್ಮನ್ನು ಹೊತ್ತು ಮಸೀದಿಯ ಗೋಡೆಯನ್ನೇ ಹಾರಿತೆಂದು ಅವರು ಮುಂದೆ ನೆನೆದುಕೊಂಡಿದ್ದಾರೆ.

ಪ್ರವಾದಿಯವರ(ಸ) ಒಂಟೆ ಅಲ್‌ಅದ್‌ಬಾವನ್ನು ಯಾವ ಒಂಟೆಯೂ ಹಿಂದಿಕ್ಕುತ್ತಿರಲಿಲ್ಲ. ಒಂದು ದಿನ ಒಬ್ಬ ಹಳ್ಳಿಗನ ಎಳೆಯ ಒಂಟೆ ಅದನ್ನು ಮೀರಿ ಓಡಿತು. ಸಹಾಬಿಗಳಿಗೆ ಇದು ಬೇಸರವಾಯಿತು. ಲೋಕದಲ್ಲಿ ಮೇಲೇರಿದ್ದನ್ನು ಅಲ್ಲಾಹನು ಒಂದಲ್ಲ ಒಂದು ದಿನ ಕೆಳಗಿಳಿಸದೆ ಬಿಡುವುದಿಲ್ಲ ಎಂಬರ್ಥದ ಮಾತನ್ನು ಪ್ರವಾದಿಯವರು(ಸ) ಆಗ ಆಡಿದರು. ಅಲ್ಲಿ ಸೋತವನು ಇದ್ದನು, ಗೆದ್ದವನು ಇದ್ದನು. ಆದರೆ ಯಾರ ಮನೆಯ ಹಣವೂ ಯಾರ ಕೈಗೂ ಹೋಗಲಿಲ್ಲ.

ಹಾಗೆಂದು ಬಹುಮಾನವೇ ಇರಬಾರದೆಂದಲ್ಲ. ಒಂಟೆ, ಕುದುರೆ ಮತ್ತು ಬಿಲ್ಲುಗಾರಿಕೆಯ ಸ್ಪರ್ಧೆಗಳಿಗೆ ಬಹುಮಾನವಿಡಲು ಅನುಮತಿ ನೀಡುವ ಹದೀಸನ್ನು ಅಬೂದಾವೂದ್, ತಿರ್ಮಿದಿ ಮತ್ತು ನಸಾಈ ದಾಖಲಿಸಿದ್ದಾರೆ. ಮೂರೂ ಅಂದಿನ ರಕ್ಷಣಾ ಸಿದ್ಧತೆಗೆ ಸಂಬಂಧಿಸಿದವು. ಈ ಬಹುಮಾನ ಯಾರಿಂದ ಬರಬೇಕು ಎಂಬುದನ್ನು ಫುಕಹಾಗಳು ಬಹಳ ಸೂಕ್ಷ್ಮವಾಗಿ ಚರ್ಚಿಸಿದ್ದಾರೆ. ಆಡಳಿತಗಾರನೋ ಮೂರನೆಯ ಒಬ್ಬನೋ ಗೆದ್ದವನಿಗೆ ಕೊಟ್ಟರೆ ಅದು ಬಹುಮಾನ. ಇಬ್ಬರು ಸವಾರರಲ್ಲಿ ಒಬ್ಬನೇ 'ನೀನು ಗೆದ್ದರೆ ಇಷ್ಟು ಕೊಡುವೆ' ಎಂದರೂ ಸರಿ. ಇಬ್ಬರೂ ಹಣವಿಟ್ಟು, ಗೆದ್ದವನು ಎರಡನ್ನೂ ಬಾಚಿಕೊಳ್ಳುವುದಾದರೆ ಬಹುತೇಕ ವಿದ್ವಾಂಸರ ದೃಷ್ಟಿಯಲ್ಲಿ ಅದು ಕಿಮಾರ್, ಜೂಜು. ಹಣವಿಡದ ಮೂರನೆಯ ಸವಾರನೊಬ್ಬನು ಸಮಬಲದ ಕುದುರೆಯೊಂದಿಗೆ ಸೇರಿಕೊಂಡರೆ ಹೇಗೆ ಎಂಬ ಬಗ್ಗೆ ಪುಟಗಟ್ಟಲೆ ವಾದಗಳಿವೆ. ಹಿಜರಿ ಎಂಟನೆಯ ಶತಮಾನದ ಇಬ್ನುಲ್ ಕಯ್ಯಿಮ್ 'ಅಲ್‌ಫುರೂಸಿಯ್ಯ' ಎಂಬ ಗ್ರಂಥದಲ್ಲಿ ಇದನ್ನೇ ದೀರ್ಘವಾಗಿ ಚರ್ಚಿಸಿದ್ದಾರೆ. ಆದರೆ ಈ ಇಡೀ ವಾದ ಓಡುವವರ ಬಗ್ಗೆ. ಕುದುರೆಯನ್ನೂ ಸಾಕದೆ, ಸವಾರಿಯನ್ನೂ ಮಾಡದೆ, ಬೇಲಿಯ ಆಚೆ ನಿಂತು ಹಣ ಹಾಕುವವನಿಗೆ ಆ ಅನುಮತಿಯಲ್ಲಿ ಜಾಗವೇ ಇಲ್ಲ. ಮುಸ್ನದ್ ಅಹ್ಮದ್‌ನಲ್ಲಿರುವ ಒಂದು ವರದಿ ಕುದುರೆಗಳನ್ನು ಮೂರಾಗಿ ವಿಂಗಡಿಸುತ್ತದೆ: ಅಲ್ಲಾಹನಿಗಾಗಿ ಇರುವುದು, ಮನುಷ್ಯನಿಗಾಗಿ ಇರುವುದು ಮತ್ತು ಶೈತಾನನಿಗಾಗಿ ಇರುವುದು. ಮೂರನೆಯದು ಜೂಜು ಕಟ್ಟುವ ಕುದುರೆ.

ಇಷ್ಟೊಂದು ಕಟ್ಟುನಿಟ್ಟು ಏಕೆ ಎಂದು ಕೇಳುವವರು ದಾಹಿಸ್ ಮತ್ತು ಗಬ್ರಾ ಎಂಬ ಎರಡು ಕುದುರೆಗಳ ಕಥೆಯನ್ನು ತಿಳಿದಿರಬೇಕು. ಇಸ್ಲಾಮಿಗಿಂತ ಮುಂಚಿನ ಅರಬಸ್ತಾನದ ಅತಿ ಪ್ರಸಿದ್ಧ ಯುದ್ಧಗಳಲ್ಲೊಂದಕ್ಕೆ ಇವೇ ಹೆಸರು ಕೊಟ್ಟಿವೆ. ಅಬ್ಸ್ ಮತ್ತು ದುಬ್ಯಾನ್ ಎಂಬುವು ಗತಫಾನ್ ಕುಲದ ಎರಡು ಕವಲುಗಳು, ಅಂದರೆ ದಾಯಾದಿಗಳು. ಅಬ್ಸ್‌ನ ನಾಯಕ ಕೈಸ್ ಬಿನ್ ಝುಹೈರ್‌ನ ಬಳಿ ದಾಹಿಸ್ ಎಂಬ ಹೆಸರಾಂತ ಕುದುರೆ ಇತ್ತು. ದುಬ್ಯಾನ್‌ನ ಫಝಾರಾ ಮನೆತನದ ಹುದೈಫಾ ಬಿನ್ ಬದ್ರ್‌ನೊಂದಿಗೆ ಮಾತಿಗೆ ಮಾತು ಬೆಳೆದು ಪಣ ಕಟ್ಟಲಾಯಿತು. ಪಣ ಮೊದಲು ಇಪ್ಪತ್ತು ಒಂಟೆಗಳಾಗಿದ್ದು ಹಟದಿಂದ ನೂರಕ್ಕೇರಿತು. (ಇಪ್ಪತ್ತು ನೂರಾಗುವ ಈ ಹಂತವನ್ನು ನಮ್ಮ ಹುಡುಗರು ಚೆನ್ನಾಗಿ ಬಲ್ಲರು.) ಓಟದ ದಾರಿಯಲ್ಲಿ ಒಂದು ಕಣಿವೆ. ದಾಹಿಸ್ ಮುಂದಿದ್ದರೆ ತಡೆಯಿರೆಂದು ಹೇಳಿ ಹುದೈಫಾ ಅಲ್ಲಿ ತನ್ನ ಕಡೆಯವರನ್ನು ಅಡಗಿಸಿಟ್ಟಿದ್ದನು. ದಾಹಿಸ್ ಮುಂದೆ ಬಂದಿತು. ಅವರು ಎದ್ದು ಅದರ ಮುಖಕ್ಕೆ ಹೊಡೆದು ದಾರಿ ತಪ್ಪಿಸಿದರು. ಯಾವ ಕುದುರೆ ಯಾರದು, ಕೊನೆಗೆ ಗುರಿ ಮುಟ್ಟಿದ್ದು ಯಾವುದು ಎಂಬ ವಿವರಗಳಲ್ಲಿ ವರದಿಗಾರರು ಒಮ್ಮತದಲ್ಲಿಲ್ಲ. ಮೋಸದ ವಿಷಯದಲ್ಲಿ ಮಾತ್ರ ಎಲ್ಲರದೂ ಒಂದೇ ಮಾತು.

ಪಣದ ಒಂಟೆಗಳಿಗಾಗಿ ಜಗಳ ಎದ್ದಿತು. ಹುದೈಫಾನ ಕಡೆಯ ಒಬ್ಬನು ಹತನಾದನು. ಪ್ರತೀಕಾರವಾಗಿ ಕೈಸ್‌ನ ಸಹೋದರ ಮಾಲಿಕ್‌ನನ್ನು ಕೊಂದರು. ಅಲ್ಲಿಂದ ಹತ್ತಿದ ಬೆಂಕಿ ನಲವತ್ತು ವರ್ಷ ಉರಿಯಿತೆಂದು ಅರಬರು ಹೇಳುತ್ತಾರೆ. ಹುದೈಫಾ ಕೊಲೆಯಾದನು. ಅಂತರ ಬಿನ್ ಶದ್ದಾದ್‌ನಂತಹ ವೀರಕವಿ ಹೋರಾಡಿದ್ದು ಇದೇ ಯುದ್ಧದಲ್ಲಿ. ಕೊನೆಗೆ ಅದನ್ನು ನಿಲ್ಲಿಸಿದವರು ಹರಿಮ್ ಬಿನ್ ಸಿನಾನ್ ಮತ್ತು ಹಾರಿಸ್ ಬಿನ್ ಔಫ್ ಎಂಬ ಇಬ್ಬರು ಹಿರಿಯರು. ಎರಡೂ ಕಡೆಯ ಹೆಣಗಳನ್ನು ಎಣಿಸಿ, ಹೆಚ್ಚಾದವರ ರಕ್ತಪರಿಹಾರವನ್ನು ತಮ್ಮ ಸ್ವಂತ ಹಿಂಡಿನಿಂದ ಕೊಟ್ಟರು. ಮೂರು ವರ್ಷಗಳಲ್ಲಿ 3000 ಒಂಟೆಗಳೆಂದು ವರದಿಗಳು ಹೇಳುತ್ತವೆ. ಕವಿ ಝುಹೈರ್ ತನ್ನ ಮುಅಲ್ಲಕಾದಲ್ಲಿ ಕೊಂಡಾಡಿರುವುದು ಈ ಇಬ್ಬರನ್ನೇ. ನೂರು ಒಂಟೆಗಳ ಒಂದು ಬಾಜಿಯ ಲೆಕ್ಕ ಚುಕ್ತಾ ಆಗಲು ಮೂರು ಸಾವಿರ ಬೇಕಾದವು. ಸತ್ತವರು ಆ ಲೆಕ್ಕದಲ್ಲಿ ಮರಳಲಿಲ್ಲ.

ಇದು ಸಹಾಬಿಗಳಿಗೆ ಹಳೆಯ ಪುರಾಣವಾಗಿರಲಿಲ್ಲ. ಖಂದಕ್ ಯುದ್ಧದಲ್ಲಿ ಮದೀನಾವನ್ನು ಮುತ್ತಿದ ಸೇನೆಯಲ್ಲಿದ್ದು, ಮುಂದೆ ಇಸ್ಲಾಮ್ ಸ್ವೀಕರಿಸಿದ ಫಝಾರಾದ ನಾಯಕ ಉಯೈನಾ ಬಿನ್ ಹಿಸ್ನ್ ಇದೇ ಹುದೈಫಾನ ಮೊಮ್ಮಗ. ಬಾಜಿ ಕಟ್ಟಿದವನ ಮೊಮ್ಮಗನೇ ಎದುರು ಕುಳಿತಿರುವಾಗ ಜೂಜಿನಿಂದ ಹಗೆ ಹುಟ್ಟುತ್ತದೆಂಬ ಮಾತನ್ನು ಯಾರಿಗೂ ವಿವರಿಸಿ ಹೇಳಬೇಕಿರಲಿಲ್ಲ. ಅಲ್‌ಮಾಇದಃ ಅಧ್ಯಾಯದ 90 ಮತ್ತು 91ನೇ ಸೂಕ್ತಗಳು ಮದ್ಯದೊಂದಿಗೆ ಜೂಜನ್ನು ನಿಷೇಧಿಸುವಾಗ ಮುಂದಿಟ್ಟಿರುವ ಕಾರಣಗಳಲ್ಲಿ ಮೊದಲನೆಯದೇ ಪರಸ್ಪರ ವೈರ ಮತ್ತು ದ್ವೇಷ. ಅಲ್ಲಾಹನ ಸ್ಮರಣೆಯಿಂದಲೂ ನಮಾಝಿನಿಂದಲೂ ತಡೆಯುವುದು ಅದರ ನಂತರ ಬರುತ್ತದೆ.

ಇನ್ನು ಯುವಕನ ನಾಲ್ಕನೆಯ ಪ್ರಶ್ನೆ. ಕುರ್‌ಆನ್ ಜೂಜಿಗೆ ಬಳಸಿದ ಪದ 'ಮೈಸಿರ್'. ಅದರ ಮೂಲರೂಪ ಒಂಟೆಯ ಜೂಜು. ಬರಗಾಲದ ಚಳಿಯ ದಿನಗಳಲ್ಲಿ ಒಂದು ಒಂಟೆಯನ್ನು ಸಾಲವಾಗಿ ಕೊಂಡು ಕೊಯ್ಯುತ್ತಿದ್ದರು. ಒಂದು ವಿವರಣೆಯ ಪ್ರಕಾರ ಮಾಂಸವನ್ನು 28 ಪಾಲು ಮಾಡುತ್ತಿದ್ದರು. ಚೀಲದಲ್ಲಿ ಹತ್ತು ಬಾಣಗಳು. ಏಳು ಬಾಣಗಳಿಗೆ ಒಂದರಿಂದ ಏಳರವರೆಗೆ ಪಾಲು, ಉಳಿದ ಮೂರಕ್ಕೆ ಏನೂ ಇಲ್ಲ. ಬರಿ ಬಾಣ ಬಂದವನು ಒಂಟೆಯ ಬೆಲೆ ತೆರಬೇಕು. ಸ್ವಾರಸ್ಯವೆಂದರೆ ಗೆದ್ದವರು ಆ ಮಾಂಸವನ್ನು ತಾವು ತಿನ್ನುತ್ತಿರಲಿಲ್ಲ. ಬಡವರಿಗೆ ಹಂಚುತ್ತಿದ್ದರು. ಜೂಜಿಗೆ ಕೂರದವನನ್ನು ಜಿಪುಣನೆಂದು ಹಂಗಿಸುತ್ತಿದ್ದರು. ಇದು ಅವರ ಉದಾರತೆಯ ಪ್ರದರ್ಶನವಾಗಿತ್ತು. ಅಲ್‌ಬಕರ ಅಧ್ಯಾಯದ 219ನೇ ಸೂಕ್ತ ಮದ್ಯ ಮತ್ತು ಜೂಜಿನಲ್ಲಿ ಜನರಿಗೆ ಕೆಲವು ಪ್ರಯೋಜನಗಳಿವೆಯೆಂದು ಒಪ್ಪಿಕೊಂಡು, ಅವುಗಳ ಪಾಪ ಆ ಪ್ರಯೋಜನಕ್ಕಿಂತ ದೊಡ್ಡದೆಂದು ಹೇಳುವಾಗ ಈ ದಾನವೂ ಆ ಪ್ರಯೋಜನದೊಳಗೆ ಬರುತ್ತದೆಂದು ಹಲವು ವ್ಯಾಖ್ಯಾನಕಾರರು ಬರೆದಿದ್ದಾರೆ. ಬಡವನ ಹೊಟ್ಟೆ ತುಂಬಿಸುತ್ತಿದ್ದ ಜೂಜೇ ನಿಷಿದ್ಧವಾಯಿತು. ಎರಡು ಸಾವಿರ ರೂಪಾಯಿ ಪೆಟ್ಟಿಗೆಗೆ ಬಿದ್ದ ಮಾತ್ರಕ್ಕೆ ಒಂಬತ್ತು ಸಾವಿರ ಹಲಾಲ್ ಆಗದು.

ಅಬೂಬಕರ್(ರ) ಅವರೂ ಪಣ ಕಟ್ಟಿದ್ದರಲ್ಲ ಎನ್ನುವವರಿದ್ದಾರೆ. ಪಾರಸಿಗಳಿಗೆ ಸೋತಿದ್ದ ರೋಮನರು ಕೆಲವೇ ವರ್ಷಗಳಲ್ಲಿ ಮತ್ತೆ ಗೆಲ್ಲುವರೆಂದು ಅರ್‌ರೂಮ್ ಅಧ್ಯಾಯ ಹೇಳಿದಾಗ ಅವರು ಮಕ್ಕಾದ ವಿರೋಧಿಗಳೊಂದಿಗೆ ಪಣ ಕಟ್ಟಿದ್ದು ನಿಜ. ಅದು ಮಕ್ಕಾದಲ್ಲಿ, ನಿಷೇಧಾಜ್ಞೆ ಬರುವ ಮೊದಲು. ಗೆದ್ದದ್ದನ್ನು ದಾನ ಮಾಡಿಬಿಡಲು ಅವರಿಗೆ ಸೂಚಿಸಲಾಯಿತೆಂದೂ ಕೆಲವು ವರದಿಗಳಿವೆ.

ನಮ್ಮ ನೆಲಕ್ಕೆ ಬರೋಣ. ವಡಗೇರಾದವರಿಗೆ ಕುದುರೆ ಹೊಸದಲ್ಲ. ಭೀಮಾ ನದಿಯ ದಂಡೆಯೇ ತನ್ನ ಹೆಸರನ್ನು ಭೀಮಥಡಿ ಎಂಬ ದಖನಿ ಕುದುರೆಯ ತಳಿಗೆ ಕೊಟ್ಟಿದೆ. ಅದರ ತವರು ನದಿಯ ಮೇಲ್ಭಾಗದ ಪುಣೆ ಸೀಮೆ. ಅರಬ್ ಕುದುರೆಗಳೊಂದಿಗೆ ಸ್ಥಳೀಯ ಕುದುರೆಗಳು ಬೆರೆತು ಹುಟ್ಟಿದ ಗಟ್ಟಿ ಪ್ರಾಣಿ ಅದು. ಬಹಮನಿಗಳ ಕಾಲದಲ್ಲಿ ಪಶ್ಚಿಮ ಕರಾವಳಿಯ ಬಂದರುಗಳಲ್ಲಿ ಇಳಿದ ಅರಬ್ ಕುದುರೆಗಳು ಕಲಬುರಗಿ, ಬೀದರಗಳ ಲಾಯಗಳನ್ನು ಸೇರುತ್ತಿದ್ದವು. 1453ರ ಸುಮಾರಿಗೆ ಗೀಲಾನಿನಿಂದ ವ್ಯಾಪಾರಿಯಾಗಿ ಬೀದರಿಗೆ ಬಂದ ಮಹಮೂದ್ ಗವಾನ್ ರಾಜ್ಯದ ಪ್ರಧಾನಿಯಾದ ಮೇಲೂ ತಾನು ತಂದಿದ್ದ ಮೂಲಧನದಿಂದ ವ್ಯಾಪಾರ ಮುಂದುವರಿಸಿ, ಆ ಲಾಭದಲ್ಲೇ ಜೀವನ ನಡೆಸಿ, ಉಳಿದದ್ದನ್ನು ಹಂಚುತ್ತಿದ್ದನೆಂದು ಇತಿಹಾಸಕಾರ ಫರಿಶ್ತಾ ಬರೆದಿದ್ದಾನೆ. 1472ರಲ್ಲಿ ಪೂರ್ಣಗೊಂಡ ಅವನ ಮದರಸಾದ ಗೋಡೆಗಳು ಇಂದಿಗೂ ನಿಂತಿವೆ.

ಮೈಸೂರು ಸೀಮೆಯಲ್ಲಿ ಹೈದರಾಲಿ ಮತ್ತು ಟಿಪ್ಪು ಸುಲ್ತಾನರ ಕಾಲಕ್ಕೆ ಕುಣಿಗಲ್ಲಿನಲ್ಲಿ ಅಶ್ವದಳಕ್ಕಾಗಿ ಕುದುರೆ ಸಾಕಣೆ ನಡೆಯುತ್ತಿತ್ತು. ಅದೇ ಜಾಗ ಮುಂದೆ ರೇಸ್ ಕುದುರೆಗಳ ಸಾಕಣೆಗೆ ಹೆಸರಾಯಿತು. ಈ ಒಂದು ಊರಿನ ಕಥೆಯಲ್ಲೇ ಕುದುರೆಯ ಕೆಲಸ ಬದಲಾದದ್ದು ಕಾಣುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಶೀರಾಝ್‌ನಿಂದ ಕುದುರೆಗಳೊಂದಿಗೆ ಬೆಂಗಳೂರಿಗೆ ಬಂದ ಆಗಾ ಅಲಿ ಅಸ್ಕರ್ ಅವರನ್ನು ಇಲ್ಲಿ ನೆನೆಯಬೇಕು. ಅವರು ಕುದುರೆ ಮಾರಿ ಬದುಕಿದರು, ಕಟ್ಟಡಗಳನ್ನು ಕಟ್ಟಿಸಿದರು. ಬೆಂಗಳೂರಿನ ಅಲಿ ಅಸ್ಕರ್ ರಸ್ತೆ ಅವರದೇ ಹೆಸರಿನದು. ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಝಾ ಇಸ್ಮಾಯಿಲ್ ಅವರ ಮೊಮ್ಮಗ. ಒಬ್ಬ ಅಜ್ಜನ ಕುದುರೆ ಅರಬಸ್ತಾನದಲ್ಲಿ ಮೊಮ್ಮಗನಿಗೆ ರಕ್ತದ ಲೆಕ್ಕವನ್ನು ಉಳಿಸಿತ್ತು. ಇನ್ನೊಬ್ಬ ಅಜ್ಜನ ಕುದುರೆ ಏನನ್ನು ಉಳಿಸಿತೆಂಬುದನ್ನು ಬೃಂದಾವನ ಉದ್ಯಾನವನ್ನು ಕಂಡವರೆಲ್ಲ ಬಲ್ಲರು.

ನಮ್ಮ ಯಾದಗಿರಿ, ಶಹಾಪುರ, ಸುರಪುರ ಸೀಮೆ ಆಗ ನಿಝಾಮರ ಆಡಳಿತದಲ್ಲಿತ್ತು. ಹೈದರಾಬಾದಿನಲ್ಲಿ ಮೌಲಾಲಿಯಲ್ಲಿ ನಡೆಯುತ್ತಿದ್ದ ರೇಸ್‌ಗಳನ್ನು ಆರನೆಯ ನಿಝಾಮ್ ಮಹಬೂಬ್ ಅಲಿ ಖಾನ್ 1886ರಲ್ಲಿ ಮಲಕ್‌ಪೇಟೆಗೆ ತಂದನು. ಅದೇ ರಾಜ್ಯದಲ್ಲಿ ಫಸಲಿ 1305ರಲ್ಲಿ, ಅಂದರೆ 1895–96ರ ಸುಮಾರಿಗೆ, ಜೂಜು ತಡೆಯುವ ಕಾನೂನೂ ಬಂದಿತು. ದೊಡ್ಡವರಿಗೆ ಮೈದಾನ, ಸಣ್ಣವರಿಗೆ ಕಾನೂನು. ಈ ವಿಚಿತ್ರ ನಮ್ಮ ಕಾಲದ್ದಷ್ಟೇ ಅಲ್ಲ.

ಸುಪ್ರೀಂ ಕೋರ್ಟಿನ ಮಾತು ಹುಟ್ಟಿದ್ದೂ ಆ ಹಳೆಯ ಹೈದರಾಬಾದ್ ಕಾನೂನಿನಿಂದಲೇ. ಸಿಕಂದರಾಬಾದಿನ ಒಂದು ಕ್ಲಬ್ಬಿನಲ್ಲಿ ಇಸ್ಪೀಟಿನ ರಮ್ಮಿ ಆಡುತ್ತಿದ್ದವರ ಮೇಲೆ ಆ ಕಾನೂನಿನಡಿ ಹೂಡಿದ ಮೊಕದ್ದಮೆಯಲ್ಲಿ, ರಮ್ಮಿ ಮುಖ್ಯವಾಗಿ ಕೌಶಲದ ಆಟವೆಂದು ನ್ಯಾಯಾಲಯವು 1967ರಲ್ಲಿ ಹೇಳಿತು. ತಮಿಳುನಾಡು ಸರ್ಕಾರ ಕುದುರೆ ರೇಸ್ ಬಾಜಿಯನ್ನು ನಿಲ್ಲಿಸಲು ಮಾಡಿದ ಕಾನೂನಿನ ಪ್ರಶ್ನೆ ಬಂದಾಗ, ಡಾ. ಕೆ.ಆರ್. ಲಕ್ಷ್ಮಣನ್ ಪ್ರಕರಣದಲ್ಲಿ 1996ರ ಜನವರಿಯಲ್ಲಿ, ಕುದುರೆಯ ವಂಶ, ತರಬೇತಿ, ಸವಾರನ ಸಾಮರ್ಥ್ಯಗಳನ್ನು ಅಳೆಯುವ ಕೌಶಲ ಇದರಲ್ಲಿ ಗಣನೀಯವಾಗಿದೆ, ಆದ್ದರಿಂದ ಇದು ಆ ಕಾನೂನುಗಳ ಅರ್ಥದ ಜೂಜಲ್ಲ ಎಂದು ತೀರ್ಪಾಯಿತು. ಕರ್ನಾಟಕವು 2021ರ ಅಕ್ಟೋಬರ್‌ನಲ್ಲಿ ಆನ್‌ಲೈನ್ ಬಾಜಿಯನ್ನು ನಿಷೇಧಿಸಿದಾಗಲೂ ರೇಸ್ ಕೋರ್ಸಿನಲ್ಲಿ ಓಡುವ ಕುದುರೆಗಳ ಬಾಜಿಯನ್ನು ಹೊರಗಿಟ್ಟಿತ್ತು. ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ಹೈಕೋರ್ಟು 2022ರ ಫೆಬ್ರವರಿ 14ರಂದು ರದ್ದುಪಡಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆಯಾದರೋ ಹಣ ಹೂಡಿ ಆಡುವ ಆನ್‌ಲೈನ್ ಆಟದಲ್ಲಿ ಕೌಶಲವೋ ಅದೃಷ್ಟವೋ ಎಂಬ ಭೇದವನ್ನೇ ಬದಿಗಿಟ್ಟಿದೆ. ಅದರ ಶಿಕ್ಷೆ ಆಡಿದವನಿಗಲ್ಲ, ಆಡಿಸಿದವನಿಗೆ, ಜಾಹೀರಾತು ಮಾಡಿದವನಿಗೆ ಮತ್ತು ಹಣ ಸಾಗಿಸಿದವನಿಗೆ. ಅರವತ್ತು ವರ್ಷಗಳಲ್ಲಿ ದೇಶದ ಕಾನೂನು ಎಷ್ಟು ಸಲ ಹೊರಳಿತು ನೋಡಿರಿ.

ನ್ಯಾಯಾಲಯದ ತೀರ್ಪನ್ನು ನಾನು ಹಗುರಾಗಿ ಕಾಣುತ್ತಿಲ್ಲ. ಅದು ಕೇಳಿಕೊಂಡ ಪ್ರಶ್ನೆ ಬೇರೆ. ಒಂದು ಆಟ ಕಾನೂನಿನ 'ಜೂಜು' ಎಂಬ ಪದದೊಳಗೆ ಬರುತ್ತದೆಯೇ, ಇಲ್ಲವೇ ಎಂಬುದಷ್ಟೇ ಅದರ ಮುಂದಿದ್ದದ್ದು. ಶರೀಅತ್ ಕೇಳುವುದು ಬೇರೆ: ನಿನ್ನ ಕೈಗೆ ಬಂದ ಹಣ ಯಾವುದರ ಪ್ರತಿಫಲ, ಯಾರ ನಷ್ಟ? ಕೌಶಲವಿದೆಯೆಂದೇ ಇಟ್ಟುಕೊಳ್ಳೋಣ. ಅದು ಕುದುರೆಯನ್ನು ಪಳಗಿಸಿದವನದು, ಜಾಕಿಯದು. ಬೆಂಗಳೂರಿನ ಮೈದಾನದಿಂದ ಸುಮಾರು ಐನೂರು ಕಿಲೋಮೀಟರ್ ದೂರದಲ್ಲಿ, ಕುದುರೆಯ ಹಲ್ಲನ್ನಾಗಲೀ ಗೊರಸನ್ನಾಗಲೀ ನೋಡದೆ, ಪರದೆಯ ಮೇಲಿನ ಹೆಸರೊಂದನ್ನು ಒತ್ತಿದವನಲ್ಲಿ ಯಾವ ಕೌಶಲ?

ಲೆಕ್ಕವನ್ನೂ ಹೇಳಿಬಿಡುತ್ತೇನೆ. ರೇಸ್ ಕೋರ್ಸಿನ ಟೋಟ್ ಎಂಬ ಪದ್ಧತಿಯನ್ನು 1867ರಲ್ಲಿ ಪ್ಯಾರಿಸಿನಲ್ಲಿ ಜೋಸೆಫ್ ಓಲೆ ಎಂಬಾತನು ಹುಟ್ಟುಹಾಕಿದನು. ಎಲ್ಲರ ಹಣವನ್ನು ಒಂದೇ ರಾಶಿಗೆ ಹಾಕಿ, ನಡೆಸುವವನ ಪಾಲು ಮತ್ತು ತೆರಿಗೆಯನ್ನು ಮೊದಲೇ ತೆಗೆದು, ಉಳಿದದ್ದನ್ನು ಗೆದ್ದವರಿಗೆ ಹಂಚುವುದು ಅದರ ಕ್ರಮ. ಉದಾಹರಣೆಗೆ ನೂರಕ್ಕೆ ಇಪ್ಪತ್ತು ಹೀಗೆ ಹೋಯಿತೆನ್ನೋಣ. ಆಡುವವರೆಲ್ಲರ ನೂರು ರೂಪಾಯಿ ಮೊದಲ ಓಟದ ನಂತರ ಎಂಬತ್ತು. ಅದನ್ನೇ ಮತ್ತೆ ಹಾಕಿದರೆ ಅರವತ್ತನಾಲ್ಕು, ಮೂರನೆಯದಕ್ಕೆ ಐವತ್ತೊಂದು. ಹತ್ತನೆಯ ಓಟ ಮುಗಿಯುವಾಗ ಹನ್ನೊಂದು ರೂಪಾಯಿಯೂ ಉಳಿಯದು. ಒಬ್ಬಿಬ್ಬರು ಗೆಲ್ಲುತ್ತಾರೆ, ನಿಜ. ಅವರ ಹೆಸರೇ ಉಳಿದವರ ಕಿವಿಗೆ ಬೀಳುತ್ತದೆ. ಸರ್ಕಾರದ ಜಿಎಸ್‌ಟಿ 2023ರ ಅಕ್ಟೋಬರ್‌ನಿಂದ ಬಾಜಿಯ ಪೂರ್ಣ ಮೊತ್ತದ ಮೇಲೆ ಶೇಕಡಾ 28 ಆಗಿತ್ತು. 2025ರ ಸೆಪ್ಟೆಂಬರ್ 22ರಿಂದ ಶೇಕಡಾ 40 ಆಗಿದೆ. ಮದ್ಯ, ತಂಬಾಕಿನಂತೆ ಇದನ್ನೂ ಹಾನಿಕರವೆಂದು ಬಲ್ಲ ಸರ್ಕಾರ ತೆರಿಗೆಯ ದರದಲ್ಲೇ ತನ್ನ ಅಭಿಪ್ರಾಯವನ್ನು ಬರೆದಿದೆಯೆಂದು ನನಗನಿಸುತ್ತದೆ.

ಹಿಂದೆ ಈ ಚಟಕ್ಕೆ ದಾರಿ ಉದ್ದವಿತ್ತು. ವಡಗೇರಾದಿಂದ ಯಾದಗಿರಿಗೆ ಬಸ್ಸು, ಅಲ್ಲಿಂದ ಹೈದರಾಬಾದಿಗೋ ಬೆಂಗಳೂರಿಗೋ ರೈಲು. ದಾರಿಯಲ್ಲಿ ಮನಸ್ಸು ಬದಲಾಗಲು ಸಮಯವಿತ್ತು. ಹೋದವನನ್ನು ನೋಡಿದವರಿರುತ್ತಿದ್ದರು. ಈಗ ಹತ್ತಿ ಬಿಡಿಸುವ ಹೊಲದ ಬದುವಿನಲ್ಲಿ ಕುಳಿತೇ ಹಣ ಹೋಗುತ್ತದೆ. ಹೆಂಡತಿಗೂ ತಿಳಿಯುವುದಿಲ್ಲ. ಮನೆಯವರಿಗೆ ಗೊತ್ತಾಗುವುದು ಬಂಗಾರ ಅಡವಿಟ್ಟ ಚೀಟಿ ಸಿಕ್ಕಿದ ದಿನ.

ಆ ಯುವಕನಿಗೆ ಕೊನೆಗೆ ಹೇಳಿದ್ದಿಷ್ಟು. ಮೊಬೈಲಿನಲ್ಲಿರುವುದನ್ನು ಇಲ್ಲಿಯೇ ತೆಗೆದುಹಾಕು. ತೌಬಾ ಮಾಡು. ಒಬ್ಬನು ಇನ್ನೊಬ್ಬನನ್ನು ಜೂಜಿಗೆ ಕರೆದರೆ ಆ ಮಾತಿಗಾಗಿಯೇ ಸದಕಾ ಕೊಡಬೇಕೆಂದು ಬುಖಾರಿ ಮತ್ತು ಮುಸ್ಲಿಮ್‌ನ ಹದೀಸ್ ಕಲಿಸುತ್ತದೆ. ಕೋಣೆಯ ಗೆಳೆಯರನ್ನು ನೀನೂ ಕರೆದಿರುವೆಯಾದರೆ ಅವರಿಗೂ ಹೇಳು. ಗೆದ್ದ ಹಣದಲ್ಲಿ ಕೈಯಲ್ಲಿ ಉಳಿದಿರುವುದು ಯಾರದೆಂದು ತಿಳಿಯದಿದ್ದರೆ ಪುಣ್ಯದ ಆಸೆಯಿಲ್ಲದೆ ಬಡವರಿಗೆ ಕೊಟ್ಟುಬಿಡಬೇಕೆಂದು ಉಲಮಾಗಳು ಹೇಳಿದ್ದಾರೆ. ಪೆಟ್ಟಿಗೆಗೆ ಹಾಕಿದ್ದರ ಬಗ್ಗೆ ಇಮಾಮ್ ಸಾಹೇಬರೊಡನೆ ಮಾತನಾಡು. ಕಳೆದುಕೊಂಡದ್ದನ್ನು ಮತ್ತೊಂದು ಬಾಜಿಯಿಂದ ತರುವ ಯೋಚನೆಯನ್ನು ಮಾತ್ರ ಬಿಡು. ಇಪ್ಪತ್ತು ಒಂಟೆ ನೂರಾದದ್ದು ಹಾಗೆಯೇ.

"ಅಬ್ಬಾಗೆ ಯಾರು ಹೇಳುವುದು?" ಎಂದನು.

ನಾನೂ ಬರುತ್ತೇನೆ ಎಂದೆ. ಅಸರ್ ಮುಗಿಸಿ ಇಬ್ಬರೂ ಅವನ ಮನೆಗೆ ಹೋದೆವು. ತಂದೆ ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ಎದ್ದು, ಪಂಚಾಂಗದ ಹಿಂದೆ ಸಿಕ್ಕಿಸಿಟ್ಟಿದ್ದ ಅಡವಿನ ಚೀಟಿಯನ್ನು ತಂದು ಮಗನ ಮುಂದಿಟ್ಟು, ಬಡ್ಡಿ ಎಷ್ಟಾಯಿತು ಲೆಕ್ಕ ಹಾಕೆಂದರು.